ಮೇಣದ ಹುಳು ಹೊರುವವನ ಬೆನ್ನು

ಬೆಳಕು ಹರಿಯುವ ಹೊತ್ತಿಗೆ ಯಾನ್ ತಿಂಗ್‌ಫಾ ನಮ್ಮ ಬೀದಿಯ ಸತ್ರಕ್ಕೆ ಬಂದು ಬೆನ್ನಿನ ಮರದ ಚೌಕಟ್ಟನ್ನು ಇಳಿಸುತ್ತಾನೆ. ರಾತ್ರಿಯಿಡೀ ಬೆಟ್ಟ ಹತ್ತಿ ಇಳಿದಿದ್ದಾನೆ. ಆದರೂ ಮುಖ ತೊಳೆಯುವುದಿಲ್ಲ, ನೀರು ಕುಡಿಯುವುದಿಲ್ಲ. ಸೀದಾ ನೆಲಮಾಳಿಗೆಗೆ ಹೋಗಿ ತಣ್ಣನೆಯ ಕಲ್ಲುಹಾಸಿನ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಹೊರೆಯಲ್ಲಿರುವ ಕಾಗದದ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ಕೈಯಿಟ್ಟು ಮುಟ್ಟಿ ನೋಡಿ, ಗಾಳಿಗೆ ಹರಡುತ್ತಾನೆ. ಒಳಗಿರುವುದು ಬಟಾಣಿ ಗಾತ್ರದ ಕಂದು ಚಿಪ್ಪುಗಳು. ಚಿಪ್ಪಿನೊಳಗೆ ಧೂಳಿನಷ್ಟು ಸಣ್ಣ ಹುಳುಗಳು. ಒಂದು ಪೊಟ್ಟಣ ಯಾಕೋ ಬೆಚ್ಚಗಿದೆ. ಬಾಯಿ ತುಂಬ ತಣ್ಣೀರು ತುಂಬಿಕೊಂಡು ಅದರ ಮೇಲೆ ಹನಿಹನಿಯಾಗಿ ಊದುತ್ತಾನೆ.

"ಸೆಕೆ ತಾಗಿತೋ, ಎದ್ದು ನಡೆಯೋಕೆ ಶುರು ಮಾಡ್ತವೆ. ಆಮೇಲೆ ಹಿಡಿಯೋಕೆ ನಿಮ್ಮಪ್ಪ ಬರ್ತಾನಾ?" ಎಂದು ನನ್ನನ್ನೇ ಗದರುತ್ತಾನೆ. ನಾನು ಬಾಗಿಲಿಗೆ ಅಡ್ಡ ನಿಂತು ಗಾಳಿ ತಡೆದಿದ್ದೆ.

ಈ ಹುಳು ಹುಟ್ಟುವುದು ದಕ್ಷಿಣಕ್ಕೆ, ಜಿಯಾನ್‌ಚಾಂಗ್ ಕಣಿವೆಯಲ್ಲಿ. ಬಿಳಿ ಮೇಣ ಕಟ್ಟುವುದು ಬೆಟ್ಟಸಾಲಿನ ಆಚೆ, ಜಿಯಾದಿಂಗ್ ಸೀಮೆಯ ಮರಗಳ ಮೇಲೆ. ಹುಟ್ಟಿದಲ್ಲಿ ಮೇಣ ಕಟ್ಟುವುದಿಲ್ಲ, ಮೇಣ ಕಟ್ಟುವಲ್ಲಿ ಚೆನ್ನಾಗಿ ಹುಟ್ಟುವುದಿಲ್ಲ. ಹೀಗಾಗಿ ವಸಂತ ಮುಗಿಯುತ್ತ ಬಂದಂತೆ ಸಾವಿರಾರು ಜನ ಹುಳು ಹೊತ್ತು ಹೊರಡುತ್ತಾರೆ. ಹಗಲಿನ ಬಿಸಿಲಿಗೆ ಚಿಪ್ಪು ಒಡೆಯುತ್ತದೆಂದು ರಾತ್ರಿ ನಡೆಯುತ್ತಾರೆ. ಇವರಿಗಾಗಿ ದಾರಿಯ ಊರುಗಳ ಕೋಟೆಬಾಗಿಲನ್ನು ರಾತ್ರಿ ಹಾಕುವುದಿಲ್ಲ. ಉಳಿದ ದಿನ ಹೆರಿಗೆ ನೋವಿನ ಹೆಂಗಸು ಬಂದು ಬಡಿದರೂ ತೆರೆಯದ ಬಾಗಿಲು ಅದು. ಹುಳುವಿಗೆ ತೆರೆದಿರುತ್ತದೆ!

ದೇವಸ್ಥಾನದಲ್ಲಿ ನೀವು ಹಚ್ಚುವ ಮೇಣದಬತ್ತಿ ಕರಗಿ ಕೈಮೇಲೆ ಸುರಿಯದಿದ್ದರೆ, ಅದರ ಮೈಗೆ ಸವರಿದ ಈ ಬಿಳಿ ಮೇಣವೇ ಕಾರಣ. ವರ್ತಕರ ಸಂಘದ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ್ದಾರೆ, ನಾನು ಪೂರ್ತಿ ಓದಿದ್ದೇನೆ. ಹೊತ್ತವನೊಬ್ಬನ ಹೆಸರೂ ಅಲ್ಲಿಲ್ಲ.

ಯಾನ್‌ಗೆ ಐವತ್ತು ದಾಟಿದೆ. ಭುಜದ ಮೂಳೆಗಳ ಮೇಲೆ ಎತ್ತಿನ ಹೆಗಲಿನಂತೆ ಜಡ್ಡು ಕಟ್ಟಿದೆ. ಮೀಸೆ ಮೂಡುವ ಮೊದಲೇ ಅಣ್ಣನ ಹಿಂದೆ ಈ ದಾರಿ ಹಿಡಿದವನು. ಈಗ ಸೀಮೆಎಣ್ಣೆ ಬಂದಿದೆ, ಹಡಗಿನಲ್ಲಿ ಪರದೇಶದ ಮೇಣವೂ ಬರುತ್ತಿದೆ. ಹೊರುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಡಿಮೆಯಾಗದೆ ಉಳಿದಿರುವುದು ದಾರಿಯ ಕಟ್ಟಳೆ ಒಂದೇ: ಬಿದ್ದವನ ಹೊರೆಯನ್ನು ಉಳಿದವರು ಹಂಚಿಕೊಳ್ಳಬೇಕು, ಬಿದ್ದವನನ್ನು ಬಿಟ್ಟು ನಡೆಯಬೇಕು.

ಅವತ್ತು ಬೆಳಿಗ್ಗೆ ಅವರ ತಂಡದಲ್ಲಿ ಎಲ್ಲರಿಗಿಂತ ಕೊನೆಗೆ ಬಂದವನು ಕೆ ಯೂಷಾನ್, ಯಾನ್‌ನ ಹೆಂಡತಿಯ ತಮ್ಮ. ಊರುಗೋಲಿನ ಮೇಲೆ ಮೈಭಾರವೆಲ್ಲ ಹಾಕಿಕೊಂಡು ಬಂದ.

"ಏನಯ್ಯಾ ಭಾಮೈದ, ದಾರೀಲಿ ಹೆಣ್ಣು ನೋಡೋಕೆ ಹೋಗಿದ್ಯಾ?" ಯಾನ್ ಕೇಳಿದ.

"ನೋಡಿದೆ ಭಾವ. ನಿನ್ನ ಹೆಸರು ಹೇಳಿದೆ, ಓಡಿಹೋದ್ಲು."

ನಕ್ಕರು. ಆದರೆ ಕೆ ಕಲ್ಲಿನ ಮೇಲೆ ಕೂತವನು ಎಡಗಾಲು ಮಡಿಸಲಿಲ್ಲ. ಯಾನ್ ಸುತ್ತ ನೋಡಿ, ನನ್ನನ್ನು ಬಿಟ್ಟರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವನ ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿದ. ಹುಲ್ಲಿನ ಚಪ್ಪಲಿಯ ಹುರಿ ಪಾದವನ್ನು ಕೊರೆದು ಕೀವಾಗಿತ್ತು. ಮೊಣಕಾಲಿನವರೆಗೆ ಬಾವು, ಮುಟ್ಟಿದರೆ ಸುಡುವ ಮೈ.

"ಎಷ್ಟು ದಿನದಿಂದ ಮುಚ್ಚಿಟ್ಟಿದ್ದೀಯೋ, ಮುಠ್ಠಾಳ?"

"ಮೇಸ್ತ್ರಿಗೆ ಹೇಳ್ಬೇಡ ಭಾವ. ಇವತ್ತು ಮಲಗಿದ್ರೆ ಇಳಿಯುತ್ತೆ. ನನ್ನ ಬಿಟ್ಟು ಹೋಗ್ಬೇಡಿ."

ಯಾನ್ ಹೇಳಲಿಲ್ಲ. ಬಟ್ಟೆಯನ್ನು ಮತ್ತೆ ಸುತ್ತಿ, ಅವನ ಪಾಲಿನ ಪೊಟ್ಟಣಗಳನ್ನೂ ತಾನೇ ಬಿಚ್ಚಿ ಹರಡಿದ. ಆದರೆ ಮಧ್ಯಾಹ್ನ ತಂಡದ ಮೇಸ್ತ್ರಿ ತಾನ್ ಪೊಟ್ಟಣ ಮುಟ್ಟಿ ನೋಡುತ್ತ ಬಂದವನು, ಜ್ವರದಲ್ಲಿ ನಡುಗುತ್ತಿದ್ದ ಕೆಯನ್ನು ಕಂಡ. ಹಣೆ ಮುಟ್ಟಲಿಲ್ಲ. ಅವನ ಪಕ್ಕದ ಪೊಟ್ಟಣ ಮುಟ್ಟಿದ.

"ಇವನ ಹೊರೆ ಹಂಚ್ಕೊಳ್ಳಿ," ಅಂದ.

"ನನ್ನದನ್ನೂ ಹಂಚ್ಬಿಡು ಮೇಸ್ತ್ರಿ. ನಾನು ಇವನ ಜೊತೆ ಉಳೀತೀನಿ," ಅಂದ ಯಾನ್.

"ಇರೋದು ಐದು ಬೆನ್ನು. ಒಂದು ಹೊರೆ ಹಂಚಬಹುದು. ಎರಡು ಎಲ್ಲಿಗೆ ಹಾಕ್ಲಿ, ನನ್ನ ತಲೆ ಮೇಲಾ? ಆ ಕಡೆ ಮರ ಬಾಡಿಗೆಗೆ ಹಿಡಿದು ಕಾಯ್ತಾ ಕೂತಿರೋ ರೈತರಿಗೂ ಹೆಂಡ್ರು ಮಕ್ಕಳಿದ್ದಾರೆ ಕಣೋ."

ಮೇಸ್ತ್ರಿಯನ್ನು ಬಯ್ಯಲು ನನಗೆ ನಾಲಿಗೆ ತುರಿಸಿತು. ಆದರೆ ಅವನ ಬೆನ್ನಿನ ಮೇಲೂ ಅಷ್ಟೇ ಹೊರೆ, ಅವನ ಕಾಲಿನಲ್ಲೂ ಹುಲ್ಲಿನ ಚಪ್ಪಲಿ. ಬಯ್ಯಬೇಕಾದವರು ಈ ದಾರಿಗೆ ಯಾವತ್ತೂ ಬರುವುದಿಲ್ಲ.

ಸಂಜೆ ಹೊರೆ ಕಟ್ಟುವಾಗ ಯಾನ್ ತಾನಾಗಿಯೇ ಮಾತು ತೆಗೆದ. ಹಿಂದೊಂದು ವರ್ಷ ಮೇಲಿನ ಕಣಿವೆಬಾಯಿಯಲ್ಲಿ ಅಣ್ಣನಿಗೆ ಎದೆನೋವು ಬಂದಿತ್ತಂತೆ, ಆಲಿಕಲ್ಲು ಬೀಳುತ್ತಿತ್ತಂತೆ.

"ಬಂಡೆ ಕೆಳಗೆ ಕೂರಿಸಿದೆ. ನನ್ನ ಕಂಬಳಿ ಹೊದಿಸಿದೆ. 'ನಡಿಯೋ, ಹುಳು ಎದ್ದಾವು' ಅಂದ. ನಡೆದೆ. ತಿರುಗಿ ಬರೋ ಹೊತ್ತಿಗೆ ಹಾಗೇ ಕೂತಿದ್ದ. ನರಿ ಮುಟ್ಟಿರಲಿಲ್ಲ, ಪುಣ್ಯ. ಆ ವರ್ಷ ಮೇಣ ಬಹಳ ಚೆನ್ನಾಗಿ ಬಂತು."

ಹೊರೆ ಎತ್ತಿಕೊಂಡ ಮೇಲೆ ಹಿಂದಿನ ಕೋಣೆಗೆ ಹೋದ. ಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಸತ್ರದ ಒಡತಿ ಲುವೋ ಅಜ್ಜಿ ಬಾಗಿಲಲ್ಲೇ ತಡೆದಳು.

"ಹೋಗಪ್ಪ, ಗಂಜಿ ಕುಡಿಸ್ತೀನಿ, ಸೊಪ್ಪು ಅರೆದು ಕಟ್ತೀನಿ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಹಿತ್ತಲ ಮಣ್ಣಲ್ಲಿ ಈಗಾಗಲೇ ಮೂರು ಜನ ಮಲಗಿದ್ದಾರೆ, ನಾಲ್ಕನೆಯವನಿಗೆ ಜಾಗ ಮಾಡಿಸ್ಬೇಡಿ."

"ಬರುವಾಗ ನನ್ನ ಬೆನ್ನು ಖಾಲಿ ಇರುತ್ತೆ ಅಜ್ಜಿ," ಅಂದ ಯಾನ್. ಅಷ್ಟೇ. ಹೊರಟ.

ಆಮೇಲಿನ ದಿನಗಳನ್ನು ನಾನು ಆ ಕೋಣೆಯಲ್ಲಿ ನೋಡಿದ್ದೇನೆ. ಜ್ವರದಲ್ಲಿ ಕೆ ಅಕ್ಕನನ್ನು ಕೂಗುತ್ತಿದ್ದ. ಮೈಮೇಲೆ ಹುಳು ಹರಿಯುತ್ತಿವೆಯೆಂದು ಕೆರೆದುಕೊಳ್ಳುತ್ತಿದ್ದ. ಕಾಲ್ಬೆರಳುಗಳು ಕಪ್ಪಾದವು. ಪಕ್ಕದ ಬೀದಿಯ ಕುದುರೆ ವೈದ್ಯ ಬಂದು ಅವುಗಳನ್ನು ಕತ್ತರಿಸಿದಾಗ ಅವನ ಭುಜ ಅದುಮಿ ಹಿಡಿದವರು ಅಜ್ಜಿ ಮತ್ತು ನಾನು. ಪಟ್ಟಣದ ವೈದ್ಯರಿಗೆ ಹೇಳಿ ಕಳಿಸಿದ್ದೆವು. ಹುಳು ಹೊರುವವನೆಂದು ತಿಳಿದ ಮೇಲೆ ಅವರಿಗೆ ಬಿಡುವಾಗಲಿಲ್ಲ.

ಬಾರ್ಲಿ ಕೊಯ್ಲು ಮುಗಿಯುವ ಹೊತ್ತಿಗೆ ಯಾನ್ ತಿರುಗಿ ಬಂದ. ಜೊತೆಯವರೆಲ್ಲ ಇನ್ನೂ ಎರಡು ಹಗಲ ದಾರಿ ಹಿಂದಿದ್ದರು. ಹುಳು ಜೀವಂತ ತಲುಪಿದವಾ ಎಂದು ಬೀದಿಯವರು ಕೇಳುತ್ತಿದ್ದರೂ ನಿಲ್ಲದೆ ಸತ್ರ ಹೊಕ್ಕ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಹೊಸ್ತಿಲು ಮಾತ್ರ ದಾಟಲಿಲ್ಲ.

"ನಿಂತೇ ಸಾಯ್ತೀಯಾ ಭಾವ, ಬಾ," ಎಂದಿತು ಒಳಗಿನ ದನಿ.

ಕೆ ಸೊರಗಿ ಅರ್ಧವಾಗಿದ್ದ. ಇನ್ನು ಹೊರೆ ಹೊರುವ ಮಾತಿಲ್ಲ, ಸರಿಯಾಗಿ ನಡೆದರೆ ಅದೇ ಹೆಚ್ಚು. ಮನೆಯಲ್ಲಿ ಏನು ತಿನ್ನುತ್ತಾನೋ ನನಗೆ ಗೊತ್ತಿಲ್ಲ, ಯಾನ್‌ಗೂ ಗೊತ್ತಿಲ್ಲ. ಯಾನ್ ತನ್ನ ಚೌಕಟ್ಟಿಗೆ ಅಡ್ಡಹಲಗೆ ಬಿಗಿದು, ಅಜ್ಜಿ ಕೊಟ್ಟ ಹಳೆ ಗೋಣಿ ಹಾಸಿ, ಬೆನ್ನಿಗೇರಿಸಿಕೊಂಡು ಮಂಚದ ಪಕ್ಕ ಕೂತ. ನಾನೂ ಅಜ್ಜಿಯೂ ಕೆಯನ್ನು ಎತ್ತಿ ಕೂರಿಸಿದೆವು.

"ಭಾರ ಆಗ್ತೀನಿ ಭಾವ. ಊರು ಬಹಳ ದೂರ."

ಯಾನ್ ಊರುಗೋಲು ಊರಿ ಎದ್ದ. ಕಾಲು ಒಮ್ಮೆ ತತ್ತರಿಸಿ ನಿಂತಿತು.

"ಅಣ್ಣನ್ನೂ ಹೀಗೇ ಹೊತ್ಕೊಂಡು ಹೋದೆ. ಅವನು ಕುತ್ತಿಗೆ ಹಿಡ್ಕೊಳ್ಳಲಿಲ್ಲ," ಅಂದ. "ನೀನು ಹಿಡ್ಕೋ. ಗಟ್ಟಿಯಾಗಿ ಹಿಡ್ಕೋ."