ಅರ್ಧಕ್ಕೆ ಬಿಟ್ಟ ಇಸ್ಪೀಟಿನ ಆಟ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಅಕ್ಕಿ ಗಿರಣಿಯಲ್ಲಿ, ಲಾರಿ ತೂಗುವ ಕಾಟಾದ ಕೋಣೆಯಲ್ಲಿ ನನ್ನ ಕೆಲಸವಿತ್ತು. ಒಂದು ಕಿಟಕಿ, ಒಂದು ಫ್ಯಾನು, ಒಂದು ಕಂಪ್ಯೂಟರು. ನೆಲ್ಲಿನ ಧೂಳಿಗೆ ನನಗೆ ದಮ್ಮು ಹತ್ತುತ್ತದೆ. ಅದಕ್ಕೇ ಗೋದಾಮಿನಿಂದ ಇಲ್ಲಿಗೆ ಕೇಳಿ ಹಾಕಿಸಿಕೊಂಡಿದ್ದೆ.

ಕಾಲುವೆ ನೀರು ನಿಂತು, ತುರ್ವಿಹಾಳ, ಮುಕ್ಕುಂದದ ನೆಲ್ಲೆಲ್ಲ ಬಂದು ಮುಗಿದ ಮೇಲೆ ಲಾರಿಗಳಿರುತ್ತಿರಲಿಲ್ಲ. ಕಾಟಾದ ಮೇಲೆ ನಾಯಿ ಮಲಗುತ್ತಿತ್ತು, ಪರದೆಯಲ್ಲಿ ಅದರ ತೂಕ ಬರುತ್ತಿತ್ತು. ಆಗ ನಾನೂ ಜೊತೆಯ ಗುಮಾಸ್ತನೂ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದೆವು. ಕಲಿಸಿದವನು ಅವನೇ. ಲಿಂಗಸುಗೂರಿನಿಂದ ಬಸ್ಸಿಗೆ ಬರುತ್ತಿದ್ದ. ನನ್ನ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯಲ್ಲಿ ಅವನಿಗೆ ದಿನಾ ಪಾಲು. ನಮ್ಮಲ್ಲೊಂದು ಪದ್ಧತಿಯಿತ್ತು: ಒಬ್ಬರು ಎದ್ದು ಹೋಗುವಾಗ ಆಟ ಮುಚ್ಚಬಾರದು, ಇನ್ನೊಬ್ಬರು ಅಲ್ಲಿಂದಲೇ ಮುಂದುವರಿಸಬೇಕು.

ಒಂದು ದಿನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದೆ. ಅವನು ಎದ್ದ.

“ಅಕ್ಕಾ, ಕರಿ ರಾಜ ಸಿಕ್ಕಾನ, ಕೆಂಪು ರಾಣಿ ಎಲ್ಲಿ ಹೋಗ್ಯಾಳೋ ಏನೋ. ನೀವ ಹುಡುಕ್ರಿ, ನಾ ಚಾ ಹೇಳಿ ಬರ್ತೀನಿ.”

ಕೂತೆ. ಚಹಾ ಬರಲಿಲ್ಲ. ಬೆನ್ನ ಹಿಂದೆ ಗಿರಣಿಯ ಸಾವ್ಕಾರರ ಕೆಮ್ಮು ಕೇಳಿತು. ಅವರ ಹಿಂದೆ ಅವನು ನಿಂತಿದ್ದ.

“ಏನವ್ವಾ, ಇದಕ್ಕೇನು ನಾ ಪಗಾರ ಕೊಡಾಕತ್ತಿದ್ದು?”

“ಲಾರಿ ಇಲ್ಲಂದ್ರ ಇಬ್ರೂ ಒಂದೀಟು...” ಎಂದು ಅವನ ಮುಖ ನೋಡಿದೆ.

“ನಾ ಅಂತೂ ಮುಟ್ಟಂಗಿಲ್ರೀ ಸಾವ್ಕಾರ್ರ,” ಅಂದ. “ಎಷ್ಟ್ ಸಲ ಹೇಳೀನಿ, ಅಕ್ಕಾ ಬ್ಯಾಡ್ರಿ, ಬ್ಯಾಡ್ರಿ ಅಂತ.”

“ಇಂವ ಬಂದು ಹೇಳಿದ್ದಕ್ಕ ಗೊತ್ತಾತು ನನಗ,” ಅಂದರು ಸಾವ್ಕಾರರು. “ನಾಳಿಂದ ನೀ ಗೋದಾಮಿಗೆ ನಡಿ.”

ಪರದೆಯ ಮೇಲೆ ಅವನೇ ಜೋಡಿಸಿಟ್ಟ ಎಲೆಗಳು ಹಾಗೇ ಇದ್ದವು. ಅಷ್ಟು ದೊಡ್ಡ ಸುಳ್ಳಿನ ನಡುವೆಯೂ ಅವನು ನನ್ನನ್ನು ಅಕ್ಕಾ ಎಂದೇ ಕರೆದ. ಈಗಲೂ ಚುಚ್ಚುವುದು ಅದೇ.

ಈಗ ಮೂಗಿಗೆ ಒದ್ದೆ ಅರಿವೆ ಕಟ್ಟಿಕೊಂಡು ಗೋದಾಮಿನಲ್ಲಿರುತ್ತೇನೆ. ಸಂಜೆಯ ಹೊತ್ತಿಗೆ ಎದೆ ಕಟ್ಟುತ್ತದೆ. ಮೊನ್ನೆ ಊಟದ ವೇಳೆಗೆ ಅವನು ಬಾಗಿಲಿಗೆ ಬಂದ.

“ಸಿಟ್ಟಾಗಬ್ಯಾಡ್ರಿ ಅಕ್ಕಾ. ಇಬ್ರಾಗ ಒಬ್ರನ್ನ ಗೋದಾಮಿಗೆ ಹಾಕ್ತೀನಿ ಅಂದಿದ್ರು ಸಾವ್ಕಾರ್ರು. ನಾ ಏನ್ ಮಾಡ್ಲಿ ಹೇಳ್ರಿ?” ನನ್ನ ಬುತ್ತಿಯ ಕಡೆ ಬಗ್ಗಿ ನೋಡಿ, “ಹಿಂಡಿ ಐತೇನ್ರಿ?” ಅಂದ.

ಬುತ್ತಿಯ ಮುಚ್ಚಳ ಹಾಕಿದೆ. ಅವನು ಹೋದ.

ರೂಢಿ ಕೆಟ್ಟದ್ದು, ಅಂದೂ ಅವನ ಪಾಲಿನ ರೊಟ್ಟಿ ಕಟ್ಟಿಕೊಂಡೇ ಬಂದಿದ್ದೆ. ಹೊರಗೆ ಹೋಗಿ, ಅವನ ಕಿಟಕಿಯ ಎದುರೇ, ಕಾಟಾದ ಮೇಲೆ ಮಲಗಿದ್ದ ನಾಯಿಗೆ ಹಾಕಿದೆ.