ಹಸಿ ಇದ್ದಾಗಲೇ

ಅಕ್ಕನ ಎಡಗೈ ತೋರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಶಹಾಬಾದಿನಲ್ಲಿ ಅವಳ ಅಪ್ಪನ ಅಂಗಳದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಬಿದ್ದು ಸೆಟೆದುಕೊಂಡಿತ್ತಂತೆ. ಆ ಬೆರಳು ಕೀಲಿಮಣೆಯ ಮೇಲೆ ಬಿದ್ದರೆ ಟಕ್ ಎಂದು ಬೇರೆಯೇ ಸದ್ದು. ಅವಳು ನನ್ನ ಒಡಹುಟ್ಟಿದವಳಲ್ಲ. ಕಾಲೇಜಿನಲ್ಲಿ ನನಗಿಂತ ಹಿರಿಯಳು. ಮದುವೆಯಾಗಿ ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದಮೇಲೆ, ಚಿತ್ತಾಪುರದಲ್ಲಿದ್ದ ನನ್ನನ್ನೂ ತನ್ನ ಕೆಲಸಕ್ಕೆ ಎಳೆದುಕೊಂಡಳು.

ಕೆಲಸವೆಂದರೆ ಒಂದು ಪುಟ್ಟ ಸಾಫ್ಟ್‌ವೇರ್ ಪ್ಯಾಕೇಜ್, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದದ್ದು. ಉದ್ದನೆಯ ಕನ್ನಡ ಹೆಸರು ಒಂದು ಸಾಲಿಗೆ ಹಿಡಿಸದಿದ್ದರೆ, ಒತ್ತಕ್ಷರ ಒಡೆಯದಂತೆ ಎರಡು ಸಾಲು ಮಾಡುತ್ತಿತ್ತು. ಅದು ನಿಂತಿದ್ದ ಪ್ರೋಗ್ರಾಮಿಂಗ್ ಭಾಷೆಯನ್ನು ಎಲ್ಲೋ ದೂರದ ಜನ ತಿದ್ದುತ್ತಲೇ ಇರುತ್ತಾರೆ. ಆ ಭಾಷೆಯ ಬಿಡುಗಡೆಯಾದ ಆವೃತ್ತಿಯಲ್ಲಿ ತಮ್ಮ ಪ್ಯಾಕೇಜನ್ನು ಪರೀಕ್ಷಿಸಿದರೆ ಸಾಕೆನ್ನುವವರೇ ಹೆಚ್ಚು. ಅಕ್ಕ ಮಾತ್ರ ಇನ್ನೂ ಹೊರಬರದ, ದಿನದಿನವೂ ಬದಲಾಗುವ ಆವೃತ್ತಿಯ ಮೇಲೂ ಪರೀಕ್ಷೆ ತಾನಾಗಿ ಓಡುವಂತೆ ಇಟ್ಟಿದ್ದಳು. ಅದಕ್ಕೆ ಅವಳಿಟ್ಟ ಹೆಸರು 'ಹಸೀದು'. ಪರೀಕ್ಷೆಯ ಪದಗಳೆಲ್ಲ ನಮ್ಮ ಸುತ್ತಲಿನ ಊರುಗಳೇ: ಸೇಡಂ, ಚಿಂಚೋಳಿ, ಕುಂಚಾವರಂ.

"ದಿನಾ ಒಂದಿಲ್ಲೊಂದು ತಪ್ಪು ತೋರಸ್ತದ, ತೆಗದುಬಿಡೂಣ್ರಿ ಅಕ್ಕಾ" ಎಂದರೆ, "ಹಸಿ ಇದ್ದಾಗ ಕೈಲೆ ತಿದ್ದಬಹುದು ತಂಗಿ. ಒಣಗಿದ ಮ್ಯಾಲ ಸುತ್ತಗಿ ಬೇಕಾಗ್ತದ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಫೋನು. "ತಂಗಿ, ನಿಮ್ಮೂರು ಮುರ್ದದ ನೋಡು." ಗಾಬರಿಯಾದೆ. ನೋಡಿದರೆ, ಹಸೀದು ಚಿತ್ತಾಪುರವನ್ನು ಒಂದು ಸಾಲಿನಲ್ಲಿ 'ಚಿತ್', ಮುಂದಿನ ಸಾಲಿನಲ್ಲಿ 'ತಾಪುರ' ಮಾಡಿ ಇಟ್ಟಿತ್ತು. "ಊರಿಗೂರೇ ಚಿತ್ ಆಗೇದ" ಎಂದು ಅಕ್ಕ ನಕ್ಕಿದ್ದೇ ನಕ್ಕಿದ್ದು.

ತಪ್ಪು ನಮ್ಮ ಪ್ಯಾಕೇಜಿನದಲ್ಲ, ಆ ಭಾಷೆಯದೇ. ಅಕ್ಕ ಅದನ್ನು ತಿದ್ದುವ ಜನಕ್ಕೆ ಬರೆದಳು. ಸಣ್ಣ ವಿಷಯ, ಆಮೇಲೆ ನೋಡೋಣ ಎಂದರು. ಅಷ್ಟರಲ್ಲಿ ಅವಳ ಕಿಡ್ನಿಗಳು ಕೈಕೊಟ್ಟವು. ಕಲಬುರಗಿಯ ಆಸ್ಪತ್ರೆಯ ಹಾಸಿಗೆಯಿಂದಲೇ ತಿದ್ದುಪಡಿ ಬರೆದು ಕಳಿಸಿದಳು. ಅವರು ತಕರಾರು ತೆಗೆದಂತೆಲ್ಲ ಮತ್ತೆ ಬರೆದಳು. ನಾನು ಹೋದಾಗ ಅವಳ ಮುಖ ಊದಿಕೊಂಡಿತ್ತು.

"ಸಾಕ್ ಬಿಡ್ರಿ ಅಕ್ಕಾ, ಮಕ್ಕೋರಿ" ಎಂದೆ.

"ಬಿಡುಗಡೀ ಆಗೂದ್ರೊಳಗ ಇದು ಸೇರಬೇಕವ್ವಾ. ಆಮ್ಯಾಲ ಎಷ್ಟ್ ಬೇಕಾದ್ರೂ ಮಕ್ಕೋತೀನಿ."

ತಿದ್ದುಪಡಿ ಸೇರಿತು. ಬಿಡುಗಡೆಯವರೆಗೆ ಅಕ್ಕ ಉಳಿಯಲಿಲ್ಲ.

ಭಾಷೆಯ ಹೊಸ ಆವೃತ್ತಿ ಬಂದ ದಿನ ಮನೆಯಲ್ಲಿ ಕೂರಲಾಗದೆ ವಾಡಿಗೆ ಹೋದೆ. ಅಕ್ಕನ ಗಂಡ ಡ್ಯೂಟಿ ಮುಗಿಸಿ ಬಂದು ಕೂತಿದ್ದರು.

"ಅಕಿ ಕಾಯಾಕತ್ತಿದ್ದು ಇವತ್ತಿಗೇ ಏನವ್ವಾ? ಏನಾಯ್ತು?"

"ಏನೂ ಆಗ್ಲಿಲ್ರಿ ಭಾವ. ಎಲ್ಲೂ ಏನೂ ಮುರೀಲಿಲ್ಲ."

"ಅಂದ್ರ ಅಕಿ ಮಾಡಿದ್ದು ದಂಡ ಆಯ್ತೇನು?"

ಅಲ್ಲ, ಅವಳು ಮಾಡಿದ್ದರಿಂದಲೇ ಏನೂ ಮುರಿಯಲಿಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದೆ, ಅಳು ಬಂತು. ಭಾವ ಎದ್ದು ನೀರು ತಂದು ಕೊಟ್ಟರು. "ಇರ್ಲಿ ಬಿಡವ್ವಾ, ಅಳಬ್ಯಾಡ" ಎಂದರು. "ಪಾಪ, ಕೈಲಾದಷ್ಟು ಮಾಡ್ಯಾಳ."