ಕೆನಡಾದ ತಲೆಗೆ ಹರಳೆಣ್ಣೆ

ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಕ್ಯಾಸ್ಟರ್ ಆಯಿಲ್. ನನಗೆ ಗೊತ್ತಿತ್ತು, ಹೇಳಿಬಿಟ್ಟೆ. ಕೇಳಿದ ಕೆನಡಾದ ಹುಡುಗಿಯರ ಮುಖ ಒಟ್ಟಿಗೇ ಹುಳ್ಳಗಾಯಿತು. ಅವರ ಊರಿನಲ್ಲಿ ಅದನ್ನು ಹೊಟ್ಟೆ ಕಟ್ಟಿದವರಿಗೆ ಕುಡಿಸುತ್ತಾರಂತೆ. (ನಮ್ಮಲ್ಲೂ ಕುಡಿಸುತ್ತಾರೆ. ಆ ವಿಷಯ ಪರದೇಶದವರ ಮುಂದೆ ಯಾಕೆ ಎತ್ತಬೇಕು?) "ನೋ, ನೋ, ಫಾರ್ ಹೆಡ್" ಎಂದು ನನ್ನ ತಲೆ ತಟ್ಟಿ ತೋರಿಸಿದೆ. ಆ ತಲೆಯಲ್ಲಿ ಕೂದಲೇ ಇಲ್ಲದ್ದರಿಂದ ಅವರಿಗೆ ಅದೂ ಅಷ್ಟಾಗಿ ಅರ್ಥವಾಗಲಿಲ್ಲ.

ಇದು ನಡೆದದ್ದು ಕಳೆದ ಭಾನುವಾರ. ಆರ್.ಟಿ. ನಗರದಲ್ಲಿ ನಮ್ಮ ಎದುರು ಮನೆಯ ಶ್ರೀಕಂಠಯ್ಯನವರು ರಿಟೈರಾದ ಮೇಲೆ ರಾಜಾನುಕುಂಟೆ ಹತ್ತಿರದ ಒಂದು ಅನಾಥಾಲಯಕ್ಕೆ ಸೆಕ್ರೆಟರಿಯಾಗಿದ್ದಾರೆ. ಕೆನಡಾದ ಕಾಲೇಜೊಂದರ ಹುಡುಗಿಯರು ಬಡಮಕ್ಕಳ ಸೇವೆ ಮಾಡಲೆಂದು ಬಂದು ಯಲಹಂಕದಲ್ಲಿ ಇಳಿದುಕೊಂಡಿದ್ದರು. ಶನಿವಾರ ಸಂಜೆ ಶ್ರೀಕಂಠಯ್ಯ ನಮ್ಮ ಗೇಟಿನ ಹತ್ತಿರ ನಿಂತು ಕೂಗಿದರು.

"ನಾಳೆ ಒಂದಿನ ಬಂದ್ಬಿಡಿ ಸಾರ್. ನಮ್ ವಾರ್ಡನ್‌ಗೆ ಇಂಗ್ಲಿಷ್ ಬರಲ್ಲ. ನಂಗೆ ಬರುತ್ತೆ, ಆದ್ರೆ ಅವ್ರ ಇಂಗ್ಲಿಷ್ ಅರ್ಥ ಆಗಲ್ಲ. ನೀವು ಪೇಪರ್‌ಗೆ ಬರೆಯೋರು."

ಕನ್ನಡ ಪೇಪರಿಗೆ ಬರೆಯುವವನಿಗೆ ಇಂಗ್ಲಿಷ್ ಬಂದೇ ಬರುತ್ತದೆ ಎಂಬ ನಂಬಿಕೆ ನಮ್ಮ ಬೀದಿಯಲ್ಲಿ ಗಟ್ಟಿಯಾಗಿದೆ. ಅದನ್ನು ಕೆಡಿಸುವ ಗೋಜಿಗೆ ನಾನು ಹೋಗಿಲ್ಲ. ಬೆಳಿಗ್ಗೆ ಸ್ಕೂಟರ್ ಹತ್ತಿ ಹೊರಟೆ.

ಅನಾಥಾಲಯ ಎಂದು ಬೋರ್ಡೇನೋ ಇದೆ. ಆದರೆ ಅಲ್ಲಿನ ಬಹಳಷ್ಟು ಮಕ್ಕಳಿಗೆ ಅಮ್ಮನೋ ಅಪ್ಪನೋ ಇದ್ದಾರೆ, ಇಟ್ಟುಕೊಂಡು ಸಾಕಲು ಅನುಕೂಲವಿಲ್ಲ, ಅಷ್ಟೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಬಂದು ಅವರು ಮಕ್ಕಳನ್ನು ನೋಡಿಕೊಂಡು ಹೋಗಬಹುದು. ಕೆನಡಾದವರಿಗೆ ಗೊತ್ತು ಮಾಡಿದ್ದೂ ಅದೇ ಭಾನುವಾರ. ಗಲಾಟೆ ಬೇಡವೆಂದು ಶ್ರೀಕಂಠಯ್ಯನವರು ಅಪ್ಪ ಅಮ್ಮಂದಿರಿಗೆಲ್ಲ "ಈ ಸಲ ಬರಬೇಡಿ" ಎಂದು ಹೇಳಿ ಕಳಿಸಿದ್ದರು.

"ಫಾರಿನ್‌ನಿಂದ ಬಂದಿರೋರು ಸಾರ್. ಅಪ್ಪ ಅಮ್ಮ ಆದ್ರೆ ಯಾವಾಗ್ ಬೇಕಾದ್ರೂ ಬರ್ತಾರೆ" ಅಂದರು. (ಯಾವಾಗ ಬೇಕಾದರೂ ಬರಲು ಇವರು ಬಿಡುವುದಿಲ್ಲ. ಅದು ಬೇರೆ ಮಾತು.)

ಅಂದಿನ ಸೇವೆ ತಲೆಸ್ನಾನ. ಕೆನಡಾದಿಂದ ತಂದ ಶಾಂಪೂ, ಬಣ್ಣಬಣ್ಣದ ರಿಬ್ಬನ್. ಬಾವಿಕಟ್ಟೆಯ ಹತ್ತಿರ ಮಕ್ಕಳು ಸಾಲಾಗಿ ಕೂತಿದ್ದರು, ಹುಡುಗಿಯರು ಮೊಣಕೈವರೆಗೆ ನೊರೆ ಮಾಡಿಕೊಂಡು ಉಜ್ಜುತ್ತಿದ್ದರು. ಸುಮ್ಮನೆ ಫೋಟೋಕ್ಕಾಗಿ ಮಾಡಿದ ಕೆಲಸವಲ್ಲ ಅದು. ಕಾಲೇಜು ಹುಡುಗಿಯರು ರಜ ಬಿಟ್ಟು, ಸಮುದ್ರ ದಾಟಿ ಬಂದು, ಯಾರದೋ ಮಕ್ಕಳ ತಲೆಯಿಂದ ಹೇನು ತೆಗೆಯುತ್ತಾರೆಂದರೆ ನನಗೆ ನಿಜಕ್ಕೂ ಮೆಚ್ಚಿಗೆಯಾಯಿತು. ನಮ್ಮ ಮನೆಯಲ್ಲಿ ಕಾಫಿ ಲೋಟ ತೊಳೆದಿಡುವವರಿಲ್ಲ.

ಅವರ ಲೀಡರ್ ಕ್ಯಾರಲ್. ಸೊಂಟ ಮುಟ್ಟುವ ಹಳದಿ ಕೂದಲು, ದೊಡ್ಡ ನಗು. ಅವಳ ಮಡಿಲಿನಲ್ಲಿ ಮಂಜುಳ ಎಂಬ ಎಂಟು ವರ್ಷದ ಹುಡುಗಿ ಕೂತವಳು ಏಳಲೇ ಇಲ್ಲ. "ದೊಡ್ಡವಳಾಗಿ ಏನಾಗ್ತೀಯ?" ಎಂದು ಕ್ಯಾರಲ್ ನನ್ನ ಮೂಲಕ ಕೇಳಿದಳು. ಮಂಜುಳ ಒಮ್ಮೆ ವಾರ್ಡನ್ ಮುಖ ನೋಡಿ "ಟೀಚರ್" ಅಂದಳು. ಉಳಿದ ಮಕ್ಕಳೆಲ್ಲ ಟೀಚರೇ.

ನಗಬೇಡಿ. ನಾವೇನು ಕಡಿಮೆಯೇ? ಮಗನ ಹುಟ್ಟುಹಬ್ಬಕ್ಕೆ ಲಾಡು ಹಿಡಿದು ಇಂಥ ಕಡೆಗೇ ಹೋಗುತ್ತೇವೆ. ಹಸಿದ ಮಕ್ಕಳು ಲಾಡು ಮುಂದಿಟ್ಟುಕೊಂಡು ನಮಗೆ ಎರಡು ಹಾಡು ಹಾಡಬೇಕು. ಆಮೇಲೆ ನಾವು ಕಣ್ಣೊರೆಸಿಕೊಂಡು ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡುತ್ತೇವೆ.

ಊಟವಾಗಿ ಸ್ವಲ್ಪ ಹೊತ್ತಿಗೆ ಗೇಟಿನ ಹೊರಗೆ ಒಬ್ಬ ಹೆಂಗಸು ಬಂದು ನಿಂತಳು. ಮಂಜುಳಳ ತಾಯಿ, ನರಸಮ್ಮ. ಗಾರೆ ಕೆಲಸದವಳು. ಕಟ್ಟಡ ಏಳುವವರೆಗೆ ಅದರ ಪಕ್ಕದ ಶೆಡ್ಡೇ ಮನೆ. ಕಟ್ಟಡ ಎದ್ದರೆ ಶೆಡ್ಡು ಬೀಳುತ್ತದೆ. ಚಿಕ್ಕಬಾಣಾವರದಿಂದ ಮೂರು ಬಸ್ಸು ಬದಲಾಯಿಸಿ ಬಂದಿದ್ದಳು.

"ಏನಮ್ಮಾ, ಈ ಭಾನುವಾರ ಬರ್ಬೇಡಿ ಅಂತ ಹೇಳಿ ಕಳ್ಸಿದ್ವಲ್ಲ?" ಅಂದರು ಶ್ರೀಕಂಠಯ್ಯ.

"ನಂಗ್ಯಾರೂ ಏಳ್ಲಿಲ್ಲ ಸಾಮಿ. ಸೆಡ್ಡು ಬದ್ಲಾಯ್ತು."

ಶ್ರೀಕಂಠಯ್ಯ ಕೆಟ್ಟವರಲ್ಲ. ಗೇಟು ತೆಗೆಸಿದರು. ಇವಳ್ಯಾರು ಎಂದು ಕ್ಯಾರಲ್ ಕೇಳಿದಳು. "ಮದರ್" ಅಂದೆ. ಅಷ್ಟೇ! ಹುಡುಗಿಯರು ಹೋ ಎಂದು ಬಂದು ಸುತ್ತುವರಿದರು. ಒಬ್ಬಳು ಕುರ್ಚಿ ತಂದಳು, ಒಬ್ಬಳು ಕ್ಯಾಮೆರಾ. ನರಸಮ್ಮ ಕುರ್ಚಿಯಲ್ಲಿ ಕೂರಲೊಲ್ಲಳು. ವಯಸ್ಸೆಷ್ಟು, ಎಷ್ಟು ಮಕ್ಕಳು, ಕೆಲಸ ಕಷ್ಟವೇ, ಗಂಡ ಎಲ್ಲಿ? ನಾನು ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಕಣ್ಣು ಮಾತ್ರ ಮಗಳ ಮೇಲೆ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಹುಡುಗಿಯರೂ ಒಬ್ಬೊಬ್ಬರಾಗಿ ಜೊತೆಗೆ ನಿಂತರು. ಅವಳಿಗಿದ್ದ ಹೊತ್ತೆಲ್ಲ ಅದರಲ್ಲೇ ಮುಗಿಯುತ್ತಾ ಬಂತು.

ಕೊನೆಗೆ ಜಗಲಿಯ ಮೇಲೆ ಕೂತು ಚೀಲದಿಂದ ಒಂದು ಔಷಧಿ ಬಾಟಲಿ, ಬಾಚಣಿಗೆ ತೆಗೆದಳು. ಬಾಟಲಿಯ ತುಂಬ ಹರಳೆಣ್ಣೆ. ಆಗಲೇ ನಾನು ಕ್ಯಾಸ್ಟರ್ ಆಯಿಲ್ ಎಂದು ಪಾಡುಪಟ್ಟದ್ದು. ತಿಂಗಳಿಗೊಂದು ಸಲ ಬಂದು ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದು ಹೋಗುವುದು ಅವಳ ಪದ್ಧತಿ. ಎಲ್ಲ ತಾಯಂದಿರೂ ಇಲ್ಲಿ ಅದನ್ನೇ ಮಾಡುತ್ತಾರೆ. ಮಾಡಲು ಬೇರೆ ಏನಿದೆ?

"ಬಾ, ತಲೆ ಬಾಚ್ತೀನಿ."

ಮಂಜುಳ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. "ಬ್ಯಾಡಮ್ಮ. ಅಕ್ಕ ಸಾಂಪು ಆಕವ್ಳೆ. ಎಣ್ಣೆ ಅಚ್ಚಿದ್ರೆ ವಾಸ್ನೆ ಓಯ್ತದೆ."

ನರಸಮ್ಮ ಮಗಳ ತಲೆ ಹತ್ತಿರ ಎಳೆದು ಮೂಸಿ ನೋಡಿದಳು. "ಊಂ, ಚೆನ್ನಾಗದೆ" ಅಂದು ಬಾಟಲಿಯ ಮುಚ್ಚಳ ಮತ್ತೆ ಬಿಗಿದಳು.

ನನಗೆ ಬೇಜಾರಾಯಿತು. ಯಾರ ಮೇಲೆ ಅಂತ ಬೇಜಾರು ಮಾಡಿಕೊಳ್ಳಲಿ? ತಲೆ ತೊಳೆದವಳ ಮೇಲೆಯೇ? ಘಮ ಬೇಕೆಂದ ಮಗುವಿನ ಮೇಲೆಯೇ?

ಕ್ಯಾರಲ್‌ಗೆ ಏನೋ ಎಡವಟ್ಟಾಯಿತೆಂದು ಹೊಳೆದಿರಬೇಕು. ಸೂಕ್ಷ್ಮದ ಹುಡುಗಿ. ಥಟ್ಟನೆ ಬಂದು ನರಸಮ್ಮನಿಗೆ ಬೆನ್ನು ಮಾಡಿ ಕೂತು, ಹಳದಿ ಕೂದಲನ್ನು ಬಿಚ್ಚಿಹಾಕಿ, "ನನಗೆ ಹಚ್ಚಲು ಹೇಳಿ" ಅಂದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನರಸಮ್ಮ ನಾಚಿದಳು. ಆಮೇಲೆ ಅಂಗೈಗೆ ಎಣ್ಣೆ ಸುರಿದುಕೊಂಡಳು.

"ನಾನು ಚಿಕ್ಕವಳಿದ್ದಾಗಿನಿಂದ ನಮ್ಮಮ್ಮ ನನ್ನ ತಲೆ ಮುಟ್ಟಿಲ್ಲ" ಎಂದಳು ಕ್ಯಾರಲ್ ಕಣ್ಣು ಮುಚ್ಚಿಕೊಂಡು. ಅದನ್ನೂ ಕನ್ನಡಕ್ಕೆ ಹೇಳಿದೆ. ಹೇಳಬಾರದಿತ್ತೋ ಏನೋ.

"ಅಯ್ಯೋ ಪಾಪ!" ಎಂದ ನರಸಮ್ಮ ಇನ್ನಷ್ಟು ಸುರಿದಳು. ನೆತ್ತಿ ತಟ್ಟಿ, ಬೆರಳಾಡಿಸಿ, ಬಿಗಿಯಾಗಿ ಎರಡು ಜಡೆ ಹಾಕಿದಳು. ಅದು ಮುಗಿಯುವಷ್ಟರಲ್ಲಿ ಹಿಂದೆ ಇನ್ನೊಬ್ಬಳು ಕೂದಲು ಬಿಚ್ಚಿಕೊಂಡು ನಿಂತಿದ್ದಳು. ಅವಳ ಹಿಂದೆ ಮತ್ತೊಬ್ಬಳು. ಅಮ್ಮಾ, ಅಮ್ಮಾ ಎಂದು ಕೈ ಹಿಡಿದು ಕೇಳುವವರಿಗೆ ಇಲ್ಲವೆನ್ನುವುದು ಹೇಗೆ? ಮೂರು ತಲೆಗೆ ಬಾಟಲಿ ಖಾಲಿಯಾಯಿತು, ಬಸ್ಸಿನ ಹೊತ್ತೂ ಆಯಿತು.

ಮಂಜುಳ ಎಣ್ಣೆಮಯವಾದ ಕ್ಯಾರಲ್‌ಳನ್ನು ನೋಡಿ ನಗುವುದರಲ್ಲಿ ಮುಳುಗಿದ್ದಳು. ಅಮ್ಮ ಹೊರಟದ್ದು ಗೊತ್ತಾದದ್ದು ಗೇಟಿನ ಸದ್ದಾದಾಗ. ಓಡಿ ಬಂದು ಸೆರಗು ಹಿಡಿದಳು. ಒಳಗಿನಿಂದ ಗ್ರೂಪ್ ಫೋಟೋಕ್ಕೆ ಕೂಗುತ್ತಿದ್ದರು.

"ಓಗು ಮಗ, ಅಕ್ಕ ಕರೀತವ್ಳೆ" ಎಂದು ಬೆರಳು ಬಿಡಿಸಿ ಕಳಿಸಿದಳು ನರಸಮ್ಮ.

ನಾನು ಸ್ಕೂಟರ್ ತಳ್ಳಿಕೊಂಡು ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಅವಳೇ ಮಾತು ಶುರುಮಾಡಿದಳು.

"ಒಳ್ಳೇ ಉಡ್ಗೀರು ಸಾಮಿ. ಒಂದ್ ಚೂರೂ ಜಂಬ ಇಲ್ಲ."

"ಹೌದಮ್ಮ" ಅಂದೆ.

ಬಸ್ಸು ಬಂತು. ಮೆಟ್ಟಿಲು ಹತ್ತಿದವಳು ತಿರುಗಿ ನಿಂತಳು.

"ಬರೋ ತಿಂಗ್ಳೂ ಇರ್ತಾರಾ ಸಾಮಿ ಇವ್ರು? ಇದ್ರೆ ಏಳಿ ಕಳ್ಸಿ. ನಾನು ಅದ್ರ ಮುಂದಿನ್ ತಿಂಗ್ಳು ಬತ್ತೀನಿ."